ಮೊದಲನೆಯವಳ ಕ್ಯಾಸೆಟ್ಟು

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂಬುದು ಗೋಂದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಪಡುತ್ತಿದ್ದಳು. ಅದೂ ವಾರಕ್ಕೊಮ್ಮೆ, ಭಾನುವಾರ ಸಂಜೆ ಐದು ಗಂಟೆಗೆ ಸರಿಯಾಗಿ. ಆ ಹೊತ್ತಿಗೆ ಗಂಡ ನಡುಮನೆಯ ಮೇಜಿನ ಮೇಲಿದ್ದ ಟೇಪ್ ರೆಕಾರ್ಡರಿನ ಮುಸುಕು ತೆಗೆದು, ತನ್ನ ಮೊದಲ ಹೆಂಡತಿಯ ದನಿಯಿದ್ದ ಕ್ಯಾಸೆಟ್ಟನ್ನು ಹಾಕಿ ಕೂರುತ್ತಿದ್ದ.

ಗೋಂದಕ್ಕ ಎನ್ನುವುದು ಅವಳ ಹೆಸರಲ್ಲ, ಪ್ರೆಸ್ಸಿನವರು ಕರೆದು ಕರೆದು ನಿಂತದ್ದು. ಅಚ್ಚಾದ ಹಾಳೆಗಳನ್ನು ಮಡಿಸಿ, ಪುಟ ಜೋಡಿಸಿ, ಹೊಲಿದು, ಬೆನ್ನಿಗೆ ಗೋಂದು ಹಚ್ಚುವ ಬೈಂಡಿಂಗ್ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಅವಳದೇ ದರ್ಬಾರು. ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಒಣಗಿದ ಗೋಂದಿನ ಪೊರೆ ಇದ್ದೇ ಇರುತ್ತಿತ್ತು. ಪಕ್ಕದಲ್ಲೇ ಹಾಳೆ ಕತ್ತರಿಸುವ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಧಡ್ ಧಡ್ ಎನ್ನುತ್ತಿದ್ದುದರಿಂದ ಅವಳ ದನಿಯೂ ಅದಕ್ಕೆ ತಕ್ಕಂತೆ ಏರಿ, ಆಮೇಲೆ ಇಳಿಯುವುದನ್ನೇ ಮರೆತಿತ್ತು. ಮನೆಯಲ್ಲಿ “ಉಪ್ಪು ಕೊಡಿ” ಎಂದರೆ ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ದೊಡ್ಡ ಗಂಟಲು.

ತಮ್ಮಂದಿರ ಓದು, ತಂಗಿಯ ಮದುವೆ, ತಾಯಿಯ ಕಾಯಿಲೆ ಎಲ್ಲಾ ಮುಗಿಯುವ ಹೊತ್ತಿಗೆ ಅವಳಿಗೆ ಮೂವತ್ತಾರು ದಾಟಿತ್ತು. ಇನ್ನು ಮದುವೆ ಯಾತಕ್ಕೆ ಎಂದು ತಾನೇ ತೀರ್ಮಾನಿಸಿ ಕೂತಿದ್ದಾಗ, ರದ್ದಿ ಕಾಗದ ತೂಗುವ ತಕ್ಕಡಿ ರಿಪೇರಿಗೆಂದು ಪ್ರೆಸ್ಸಿಗೆ ಒಬ್ಬ ಬಂದ. ಅಂಗಡಿ ಅಂಗಡಿ ಅಲೆದು ತಕ್ಕಡಿ ಸರಿಮಾಡುವುದು, ಸವೆದ ತೂಕದ ಬೊಟ್ಟುಗಳನ್ನು ಪರೀಕ್ಷಿಸಿ ಸರಿತೂಕಕ್ಕೆ ತರುವುದು ಅವನ ಕಸುಬು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಳೆದು ತೂಗಿ ಮಾತಾಡುವವರು ಎಂದು ಕೆಲವರನ್ನು ಸುಮ್ಮನೆ ಹೇಳುತ್ತೇವಲ್ಲ, ಇವನು ನಿಜವಾಗಿಯೂ ಅಂಥವನು. ಮೂರು ದಿನದ ರಿಪೇರಿಯಲ್ಲಿ ಅವನು ಆಡಿದ್ದು ಏಳೋ ಎಂಟೋ ಮಾತು. ಅದರಲ್ಲಿ ಒಂದು, “ನೀವು ಮಡಿಸಿದ ಹಾಳೆ ಒಂದಕ್ಕೊಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ” ಎಂಬುದು. ಅಷ್ಟು ವರ್ಷದಲ್ಲಿ ಅದನ್ನು ಕಂಡು ಹೇಳಿದವನು ಅವನೊಬ್ಬನೇ. ಗೋಂದಕ್ಕ ಅಷ್ಟಕ್ಕೇ ಸೋತಳು.

ಮದುವೆಯಾಗಿ ಬಂದ ಮೊದಲ ಭಾನುವಾರವೇ ಆ ಟೇಪಿನ ಸಮಾಚಾರ ಬಂತು. ಎರಡು ಕಡೆ ಸ್ಪೀಕರ್, ಮೇಲೊಂದು ಹಿಡಿ, ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಾದ ಕಪ್ಪು ಟೇಪ್ ರೆಕಾರ್ಡರು. ಅದಕ್ಕೊಂದು ಹೂವಿನ ಕಸೂತಿಯ ಬಟ್ಟೆ. ಗಂಡ ಆ ಬಟ್ಟೆ ಮಡಿಸಿಟ್ಟು, ಅವಳ ಕಡೆ ನೋಡದೆ, “ಇದರಲ್ಲಿ ಅವಳ ಮಾತಿದೆ. ಭಾನುವಾರ ಒಂದ್ಸಲ ಕೇಳ್ತೀನಿ. ನಿಂಗೆ ಬೇಡ ಅಂದ್ರೆ ಹಾಕಲ್ಲ” ಎಂದ.

ಹೊಸ ಮದುಮಗಳು ಏನನ್ನಬೇಕು? “ಅಯ್ಯೋ, ಹಾಕಿ. ಅದಕ್ಕೇನಂತೆ?” ಎಂದುಬಿಟ್ಟಳು. ಆಮೇಲೆ ಎರಡು ವರ್ಷ ಆ ‘ಅದಕ್ಕೇನಂತೆ’ಯನ್ನು ನೆನೆದು ನೆನೆದು ತನ್ನ ತಲೆಯನ್ನು ತಾನೇ ಚಚ್ಚಿಕೊಂಡಳು. ದೊಡ್ಡತನ ತೋರಿಸಲು ಒಂದು ನಿಮಿಷ ಸಾಕು, ಅದನ್ನು ಹೊತ್ತುಕೊಂಡು ತಿರುಗುವುದು ಎಷ್ಟು ಕಷ್ಟ ಎಂದು ಅವಳನ್ನು ಕೇಳಬೇಕು.

ಅಷ್ಟಕ್ಕೂ ಕ್ಯಾಸೆಟ್ಟಿನಲ್ಲಿ ಇದ್ದದ್ದಾದರೂ ಏನು? ಹಾಡಲ್ಲ, ಭಾಷಣವಲ್ಲ. ಆ ಟೇಪ್ ರೆಕಾರ್ಡರನ್ನು ಕೊಂಡುತಂದ ದಿನ ಗಂಡಹೆಂಡಿರು ಅದನ್ನು ಪರೀಕ್ಷೆ ಮಾಡಿದ್ದು. ಒಂದು ಮಗ್ಗುಲಿನ ಮೂವತ್ತು ನಿಮಿಷ. ಮೊದಲು ಅವನು “ಹಲೋ, ಹಲೋ” ಎನ್ನುತ್ತಾನೆ. ಅವಳು ಕಿಸಕ್ಕೆಂದು ನಗುತ್ತಾಳೆ. ಆಮೇಲೆ ಅವನು, ಇದೇ ಮಾತು ಬಾರದ ಮನುಷ್ಯ, ತಕ್ಕಡಿಯ ವಿಷಯಕ್ಕೆ ಜಗಳ ತೆಗೆಯುವ ಅಂಗಡಿಯವನ ದನಿಯನ್ನು ಅಣಕಿಸುತ್ತಾನೆ, ಗಿರಾಕಿಯ ದನಿಯನ್ನೂ ತಾನೇ ಮಾಡುತ್ತಾನೆ. ಅವಳು “ಸಾಕು ಸುಮ್ನಿರೋ ನೀನು, ಹೊಟ್ಟೆ ಹುಣ್ಣಾಯ್ತು” ಎನ್ನುತ್ತಾಳೆ. ಅವನು ಹೊಟ್ಟೆ ತುಂಬ ನಗುತ್ತಾನೆ. ಹತ್ತೊಂಬತ್ತನೆಯ ನಿಮಿಷಕ್ಕೆ ಅವಳು, “ಆಫ್ ಮಾಡಿದ್ಯಾ?” ಎಂದು ಕೇಳುತ್ತಾಳೆ. ಅವನು “ಹೂಂ” ಎನ್ನುತ್ತಾನೆ, ಆದರೆ ಮಾಡಿಲ್ಲ. ಅಲ್ಲಿಂದಾಚೆ ಹನ್ನೊಂದು ನಿಮಿಷ ಯಾರ ಮಾತೂ ಇಲ್ಲ, ಬರೀ ಗೊರಗೊರ, ನಡುವೆ ಏನೋ ಟಕ್ ಟುಕ್ ಸದ್ದು. ರೀಲು ಮುಗಿದು ಗುಂಡಿ ತಾನೇ ಮೇಲೆ ಹಾರುವವರೆಗೂ ಅಷ್ಟೇ.

ಗೋಂದಕ್ಕನಿಗೆ ಇದೆಲ್ಲಾ ಬಾಯಿಪಾಠವಾಗಿತ್ತು. ಭಾನುವಾರ ಐದಕ್ಕೆ ಅಡುಗೆಮನೆ ಹೊಕ್ಕು, ನಲ್ಲಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ, ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದಳು. ಆ ಮೊದಲನೆಯವಳ ದನಿ ಸಣ್ಣ, ತೆಳು. ಈ ಮನೆಯ ಗೋಡೆಗೆ ಸರಿಯಾಗಿ ಹೊಂದುವ ದನಿ. ತನ್ನದೋ, ಕತ್ತರಿಸುವ ಯಂತ್ರ. ಅದಕ್ಕೂ ಹೊಟ್ಟೆ ಉರಿಯುತ್ತಿತ್ತು. ಅವಳು ಗಂಡನನ್ನು ‘ನೀನು’, ‘ಸುಮ್ನಿರೋ’ ಎಂದು ಸಲೀಸಾಗಿ ಕರೆಯುತ್ತಿದ್ದಳು. ತಾನು ಎರಡು ವರ್ಷವಾದರೂ ‘ರೀ’ ಬಿಟ್ಟು ಇನ್ನೊಂದು ಅನ್ನಲಾಗಿಲ್ಲ. ಅದಕ್ಕೂ ಉರಿಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಉರಿಯುತ್ತಿದ್ದುದು ಆ ನಗುವಿಗೆ. ಗಂಡ ಹಾಗೆ ನಗಬಲ್ಲ ಎಂಬುದೇ ಅವಳಿಗೆ ಟೇಪಿನಿಂದ ತಿಳಿದದ್ದು. ತನ್ನೆದುರು ಅವನು ನಕ್ಕದ್ದೆಂದರೆ ತುಟಿಯ ಒಂದು ಮೂಲೆ ಅರ್ಧ ಅಂಗುಲ ಸರಿದದ್ದು, ಅದೂ ಹಬೆ ಬಡಿದು ಕನ್ನಡಕ ಮಂಜಾಗಿ ತಾನು ಬಾಗಿಲಿಗೆ ಹಣೆ ಹೊಡೆದುಕೊಂಡ ದಿನ.

ಸವತಿ ಮತ್ಸರ ಎಂದರೆ ಏನೆಂದು ಜನಕ್ಕೆ ಗೊತ್ತು. ಆದರೆ ಬದುಕಿರುವ ಸವತಿಯ ಹತ್ತಿರ ಜಗಳವಾದರೂ ಆಡಬಹುದು. ಇವಳು ವಾರಕ್ಕೊಮ್ಮೆ ಬರುತ್ತಾಳೆ, ಅರ್ಧ ಗಂಟೆ ನಗುತ್ತಾಳೆ, ವಯಸ್ಸಾಗುವುದಿಲ್ಲ, ಬೇಜಾರಾಗುವುದಿಲ್ಲ, ಸಾರು ಸೀಯಿಸುವುದಿಲ್ಲ. ಇಂಥವಳ ಜೊತೆ ಪೈಪೋಟಿ ಮಾಡುವುದು ಹೇಗೆ?

ಗಂಡ ಕೇಳುತ್ತ ಕೂತಾಗ ಕೈಯಲ್ಲಿ ಕೆಲಸವಿರುತ್ತಿತ್ತು. ಹಿತ್ತಾಳೆಯ ಸಣ್ಣ ಸಣ್ಣ ಬೊಟ್ಟುಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದನ್ನೇ ಒರೆಸುತ್ತಿದ್ದ. ಮಾತು ಮುಗಿದು ಆ ಗೊರಗೊರ ಬಂದಾಗ ಮಾತ್ರ ಬಟ್ಟೆ ಕೆಳಗಿಟ್ಟು ಕಣ್ಣು ಮುಚ್ಚುತ್ತಿದ್ದ. ಅಲ್ಲಿಗೆ ಅವನಿಗೆ ಜೋಂಪು ಹತ್ತಿತು ಎಂದು ಗೋಂದಕ್ಕ ಲೆಕ್ಕ ಹಾಕಿದ್ದಳು.

ಇಷ್ಟೆಲ್ಲವನ್ನೂ ಅವಳು ಹಲ್ಲು ಕಚ್ಚಿ ಸಹಿಸಿದ್ದಳು. ಸಹನೆಯ ಕಟ್ಟೆ ಒಡೆದದ್ದು ನಾದಿನಿ ಬಂದ ಭಾನುವಾರ. ಗಂಡನ ತಂಗಿ, ಮೂರು ಬೀದಿ ಆಚೆ ಮನೆ, ಹೊಲಿಗೆ ಕ್ಲಾಸು ನಡೆಸುವವಳು. ಬಾಯಲ್ಲಿ ಬೆರಳಿಟ್ಟರೂ ಕಚ್ಚಲಾರಳು ಎನ್ನುವಷ್ಟು ಮೆತ್ತಗೆ ಮಾತಾಡಿ ಚುಚ್ಚುವುದರಲ್ಲಿ ನಿಸ್ಸೀಮಳು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಅವಳ ಬಾಯಲ್ಲಿ ಗೋಂದಕ್ಕ ಇನ್ನೂ ‘ಹೊಸ ಅತ್ತಿಗೆ’.

ಟೇಪು ಓಡುತ್ತಿತ್ತು. ನಾದಿನಿ ಕಣ್ಣಂಚು ಒರೆಸಿಕೊಂಡು, “ನೋಡಣ್ಣ, ಅತ್ತಿಗೆ ಇಲ್ಲೇ ಎಲ್ಲೋ ಓಡಾಡ್ತಿರೋ ಹಾಗಿದೆ. ಈ ಮನೆಗೆ ಅವಳದೇ ದನಿ ಚೆಂದ” ಎಂದಳು. ಮತ್ತೆ ಅಡುಗೆಮನೆ ಕಡೆ ಕತ್ತು ತಿರುಗಿಸಿ, “ಹೊಸ ಅತ್ತಿಗೆ, ಒಂಚೂರು ಟೀ ಮಾಡ್ತೀರಾ? ಅವಳು ಮಾಡೋ ಹಾಗೆ ಶುಂಠಿ ಜಜ್ಜಿ ಹಾಕಿ.”

ಗೋಂದಕ್ಕ ಶುಂಠಿ ಜಜ್ಜಿದ ಸದ್ದು ಪಕ್ಕದ ಮನೆಗೂ ಕೇಳಿರಬೇಕು. ಟೀ ಲೋಟ ಹಿಡಿದು ಬಾಗಿಲಿಗೆ ಬಂದು, “ರೀ, ನಿಮಗೂ ಬೇಕಾ?” ಎಂದು ಕೇಳಿದಳು. ಗಂಡ ಮಾತಾಡಲಿಲ್ಲ. ಇನ್ನೊಮ್ಮೆ ಕೇಳಿದಳು. ಇಲ್ಲ. ಅಷ್ಟರಲ್ಲಿ ಟೇಪಿನೊಳಗಿನ ಸಣ್ಣ ದನಿ, “ಕಿಟಕಿ ಹಾಕಿದ್ಯಾ? ಧೂಳು ಬರ್ತಿದೆ” ಎಂದಿತು. ಗಂಡ ಕೂತಲ್ಲಿಂದಲೇ, ಮೆಲ್ಲಗೆ, ತಾನು ಅಂದದ್ದು ತನಗೇ ತಿಳಿಯದವನ ಹಾಗೆ, “ಹೂಂ” ಎಂದ.

ಗೋಂದಕ್ಕ ಅಲ್ಲೇ ನಿಂತುಬಿಟ್ಟಳು. ಬದುಕಿರುವವಳು ಎರಡು ಸಲ ಕೇಳಿದರೂ ಉತ್ತರವಿಲ್ಲ, ಸತ್ತವಳು ಒಂದು ಸಲ ಕೇಳಿದ್ದಕ್ಕೆ ಉತ್ತರ! ಮೈಯೆಲ್ಲಾ ಬೆಂಕಿ ಬಿದ್ದ ಹಾಗಾಯಿತು. ಆ ಗಳಿಗೆಯಲ್ಲೇ ಅವಳು ತೀರ್ಮಾನಿಸಿದಳು. ಈ ಮನೆಯಲ್ಲಿ ಒಂದೋ ಆ ದನಿ ಇರಬೇಕು, ಇಲ್ಲವೋ ತಾನಿರಬೇಕು.

ಕ್ಯಾಸೆಟ್ಟನ್ನು ಒಲೆಗೆ ಹಾಕುವುದು ಸುಲಭ. ಆದರೆ ಗಂಡನ ಮುಖ ನೋಡುವುದು ಹೇಗೆ? ಅವನು ಒಂದು ಮಾತೂ ಆಡದೆ ಎದ್ದು ಹೋದರೆ? ಅವನನ್ನು ಕಳೆದುಕೊಳ್ಳುವಷ್ಟು ಹೊಟ್ಟೆಕಿಚ್ಚು ಅವಳಿಗೆ ಇರಲಿಲ್ಲ. ಅವನು ಬೇಕು ಎಂದೇ ಅಲ್ಲವೇ ಇಷ್ಟೆಲ್ಲಾ? ಹಾಗಾಗಿ ಹಿಂದಿನಿಂದ ಶುರುಮಾಡಬೇಕು, ಇಲಿ ರೊಟ್ಟಿಯ ಅಂಚು ಕಡಿದ ಹಾಗೆ. ಮೊದಲು ಕೊನೆಯ ಆ ಮಾತಿಲ್ಲದ ಹನ್ನೊಂದು ನಿಮಿಷ. ಅದು ಹೋದರೆ ಯಾರಿಗೂ ನಷ್ಟವಿಲ್ಲ, ಹೇಗೂ ಅವನು ತೂಕಡಿಸುತ್ತಿರುತ್ತಾನೆ. ಆಮೇಲೆ ವಾರಕ್ಕೆ ಒಂದೊಂದು ನಿಮಿಷ. ರೀಲು ಹಳೆಯದಾಯಿತು, ತಾನೇ ಅಳಿಸಿಹೋಗುತ್ತಿದೆ ಎಂದುಕೊಳ್ಳುತ್ತಾನೆ. ಹತ್ತೊಂಬತ್ತು ವಾರದಲ್ಲಿ ಸವತಿ ಸದ್ದಿಲ್ಲದೆ ಮನೆ ಖಾಲಿ ಮಾಡುತ್ತಾಳೆ.

ಅಳಿಸುವ ವಿದ್ಯೆಯೂ ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಪ್ರೆಸ್ಸಿನ ಯಜಮಾನರು ಮೂರು ವರ್ಷದ ಹಿಂದೆ ಪ್ರೆಸ್ಸಿಗೆ ಇಪ್ಪತ್ತೈದು ತುಂಬಿದಾಗ ತಮ್ಮ ಭಾಷಣ ಹಿಡಿಯಲೆಂದು ಒಂದು ಹಳೆಯ ಟೇಪ್ ತರಿಸಿದ್ದರು. ಉದ್ದ ವೈರಿನ ಮೈಕನ್ನು ಅದಕ್ಕೆ ಬೇರೆಯಾಗಿ ಚುಚ್ಚಬೇಕಿತ್ತು. ಯಜಮಾನರು ಮೈಕನ್ನು ಎದುರಿಗಿಟ್ಟುಕೊಂಡು ಮುಕ್ಕಾಲು ಗಂಟೆ ಕೊರೆದರು, ವೈರಿನ ಇನ್ನೊಂದು ತುದಿ ಮೇಜಿನ ಕೆಳಗೆ ನೇತಾಡುತ್ತಿತ್ತು. ಮರುದಿನ ಹಾಕಿ ನೋಡಿದರೆ ಮೊದಲಿದ್ದ ಹಾಡೂ ಹೋಗಿ ಕ್ಯಾಸೆಟ್ಟು ಪೂರ್ತಿ ಮೌನ. ಕೆಲಸದವರೆಲ್ಲಾ ಬಾಯಿಗೆ ಸೆರಗು, ಟವೆಲು ಒತ್ತಿಕೊಂಡು ನಕ್ಕರು. ಆ ದಿನ ಗೋಂದಕ್ಕ ಕಲಿತ ಪಾಠ ಇದು: ಮೈಕು ಚುಚ್ಚದೆ ರೆಕಾರ್ಡಿನ ಕೆಂಪು ಗುಂಡಿ ಒತ್ತಿದರೆ ಇದ್ದದ್ದು ಅಳಿಯುತ್ತದೆ, ಹೊಸದು ಏನೂ ಹಿಡಿಯುವುದಿಲ್ಲ.

ಗಂಡನ ಟೇಪಿಗೆ ಮೈಕೂ ಇರಲಿಲ್ಲ, ವೈರೂ ಇರಲಿಲ್ಲ. ಅಂಥ ಕೈಹಿಡಿಯ ಟೇಪುಗಳಲ್ಲಿ ಸ್ಪೀಕರಿನ ಪಕ್ಕ ಕಡ್ಲೆಕಾಳಿನಷ್ಟು ತೂತಿನ ಹಿಂದೆ ಮೈಕು ಒಳಗೇ ಕೂತಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡಹೆಂಡಿರ ಮಾತು ಅದರೊಳಕ್ಕೆ ಹೇಗೆ ಹೋಯಿತು ಎಂದು ಅವಳೂ ಯೋಚಿಸಲಿಲ್ಲ. ಹೊಟ್ಟೆ ಉರಿಯುವಾಗ ತಲೆ ಅಷ್ಟೊಂದು ಕೆಲಸ ಮಾಡುವುದಿಲ್ಲ.

ಬುಧವಾರ ಮಧ್ಯಾಹ್ನ ಪ್ರೆಸ್ಸಿನಲ್ಲಿ ಯಂತ್ರ ಕೆಟ್ಟು ಎಲ್ಲರಿಗೂ ಅರ್ಧ ದಿನ ರಜೆ ಸಿಕ್ಕಿತು. ಗಂಡ ಮಾರುಕಟ್ಟೆಯಲ್ಲಿ. ಗೋಂದಕ್ಕ ಬಾಗಿಲಿಗೆ ಚಿಲಕ ಹಾಕಿ, ಮುಸುಕು ತೆಗೆದು, ಕ್ಯಾಸೆಟ್ಟು ಓಡಿಸುತ್ತ “ಆಫ್ ಮಾಡಿದ್ಯಾ?”, “ಹೂಂ” ಎನ್ನುವಲ್ಲಿಗೆ ತಂದು ನಿಲ್ಲಿಸಿದಳು. ಪ್ಲೇ ಗುಂಡಿ, ಕೆಂಪು ಗುಂಡಿ, ಎರಡನ್ನೂ ಒಟ್ಟಿಗೆ ಒತ್ತಿದಳು. ರೀಲು ತಿರುಗತೊಡಗಿತು.

ಹನ್ನೊಂದು ನಿಮಿಷ ಅದರೆದುರು ಸುಮ್ಮನೆ ಕೂರಬೇಕು. ಗೋಂದಕ್ಕನ ಬಾಯಿ ಎರಡು ನಿಮಿಷ ತಡೆದುಕೊಂಡಿತು, ಅಷ್ಟೇ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಸವತಿ ಎದುರಿಗೆ ಸಿಕ್ಕಿದ್ದಳು, ಮತ್ತು ಎದುರು ಮಾತಾಡುತ್ತಿರಲಿಲ್ಲ. ಇಂಥ ಸಂದರ್ಭ ಬಿಡುವುದುಂಟೆ? ಶುರುಮಾಡಿದಳು. ಏನೇನು ಅಂದಳೋ ಅವಳಿಗೇ ಆಮೇಲೆ ಪೂರ್ತಿ ನೆನಪಿರಲಿಲ್ಲ. ರೀಲು ಮುಗಿದು ಗುಂಡಿಗಳು ಟಪ್ಪೆಂದು ಮೇಲೆ ಹಾರಿದಾಗ ಕಣ್ಣು ಮೂಗು ಒರೆಸಿಕೊಂಡು, ಮುಸುಕು ಹಾಕಿ, ಮುಖ ತೊಳೆದಳು. ಹಾಕಿ ಕೇಳಿ ನೋಡುವ ಧೈರ್ಯ ಬರಲಿಲ್ಲ. ಖಾಲಿಯನ್ನು ಏನು ಕೇಳುವುದು?

ಗುರುವಾರದಿಂದ ಶನಿವಾರದವರೆಗೆ ಮೈ ಹಗುರವಾಗಿತ್ತು. ಪ್ರೆಸ್ಸಿನಲ್ಲಿ ಪಠ್ಯಪುಸ್ತಕದ ಎರಡು ಸಾವಿರ ಪ್ರತಿಗೆ ಗೋಂದು ಹಚ್ಚುತ್ತ ಹಾಡು ಗುನುಗಿದಳು. “ಏನಕ್ಕ, ಲಾಟರಿ ಹೊಡೀತಾ?” ಎಂದು ಕತ್ತರಿಸುವವನು ಕೇಳಿದ. “ಮನೇಲಿ ಬಾಡಿಗೆಗಿದ್ದವಳನ್ನ ಖಾಲಿ ಮಾಡಿಸ್ತಿದೀನಿ” ಎಂದಳು.

ಭಾನುವಾರ ಐದು ಗಂಟೆಯಾಯಿತು. ಗಂಡ ಮುಸುಕು ಮಡಿಸಿಟ್ಟ, ಬೊಟ್ಟುಗಳನ್ನು ಸಾಲಾಗಿ ಜೋಡಿಸಿದ. “ಹಲೋ, ಹಲೋ.” ಗೋಂದಕ್ಕ ಅಡುಗೆಮನೆಯಲ್ಲಿ ಬೇಕೆಂದೇ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಅಂಗಡಿಯವನ ಅಣಕ, ನಗು, ಸುಮ್ನಿರೋ, ಕಿಟಕಿ, ಧೂಳು. ಕೊನೆಗೆ “ಆಫ್ ಮಾಡಿದ್ಯಾ?”, “ಹೂಂ.”

ಟಕ್ ಎಂದು ಒಂದು ಸದ್ದು. ಆಮೇಲೆ ಮೌನ. ಗೋಂದಕ್ಕ ಉಸಿರು ಬಿಟ್ಟಳು. ಆದರೆ ಅದು ಪೂರ್ತಿ ಮೌನವಾಗಿರಲಿಲ್ಲ. ಅದರೊಳಗೆ ಯಾರೋ ಮೂಗು ಸೊರ್ ಎನ್ನಿಸಿದರು. ಒಂದು ಕುರ್ಚಿ ಕಿರುಗುಟ್ಟಿತು. ಮತ್ತೆ ನಡುಮನೆಯಿಂದ, ಮನೆಯೇ ಅದುರುವ ಹಾಗೆ, ಕತ್ತರಿಸುವ ಯಂತ್ರದಂಥ ಒಂದು ಗಂಟಲು ಎದ್ದಿತು.

“ಆಯ್ತಲ್ಲ ತಾಯೀ? ಇನ್ನು ಸಾಕು ಮಾಡು!”

ಗೋಂದಕ್ಕನ ಕೈಯಲ್ಲಿದ್ದ ಪಾತ್ರೆ ಬಿತ್ತು. ಒದ್ದೆ ಕೈಯಲ್ಲೇ ಓಡಿ ಬಂದು ಟೇಪಿಗೆ ಕೈ ಹಾಕಹೋದಳು. ಗಂಡ ಅವಳ ಕಡೆ ನೋಡದೆ ಅಂಗೈ ಎತ್ತಿ, “ಇರು” ಎಂದ.

“ಏನಂತ ತಿಳ್ಕೊಂಡಿದೀಯ ನೀನು? ಸತ್ತು ಆರು ವರ್ಷ ಆದ್ರೂ ಭಾನುವಾರ ತಪ್ಪಿಸಲ್ಲ. ನಾನು ವಾರವೆಲ್ಲಾ ಇಲ್ಲೇ ಇರ್ತೀನಿ ಕಣೇ, ನಾನು ಟೀ ಬೇಕಾ ಅಂದ್ರೆ ಮಾತಿಲ್ಲ, ನೀನು ಕಿಟಕಿ ಅಂದ್ರೆ ಹೂಂ ಅಂತಾರೆ! ಹೂಂ ಅಂತೆ ಹೂಂ! ನಿನ್ನ ದನಿ ಮಾತ್ರ ಚೆಂದ, ನಂದು ಗಾಡಿ ಹಾರನ್ನು. ನೀನು ಹೊದಿಸಿದ ಬಟ್ಟೆ ಹದಿನೈದು ದಿನಕ್ಕೊಂದ್ಸಲ ಒಗೆಯೋಳು ನಾನು. ಅದು ಗೊತ್ತಾ ನಿಂಗೆ?”

ಗೋಂದಕ್ಕ ಗೋಡೆಗೆ ಒರಗಿ ನಿಂತಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಟೇಪು ಬಿಡುವ ಹಾಗಿರಲಿಲ್ಲ.

“ಹೊಟ್ಟೆಕಿಚ್ಚು ಅಂತೀಯಾ? ಹೌದು, ಹೊಟ್ಟೆಕಿಚ್ಚೇ! ನಿನ್ನ ಹತ್ರ ಅವರು ಹೆಂಗ್ ನಗ್ತಾರೆ. ನನ್ನ ಹತ್ರ ಅದರಲ್ಲಿ ಒಂದು ಚಮಚ ನಕ್ಕಿದ್ರೂ ನಾನು ನಿನ್ನ ತಂಟೆಗೆ ಬರ್ತಿರ್ಲಿಲ್ಲ. ಮನೆ ನಿಂದು, ದನಿ ನಿಂದು, ನಗು ನಿಂದು. ನಂಗೇನಿದೆ ಹೇಳು. ನಾಳೆ ನಾನು ಸತ್ರೆ ಇವರ ಹತ್ರ ನನ್ನದು ಒಂದು ಮಾತೂ ಇರಲ್ಲ ಕಣೇ. ಒಂದು ಮಾತೂ ಇರಲ್ಲ. ಆಗಲೂ ಭಾನುವಾರ ನಿನ್ನನ್ನೇ ಹಾಕ್ಕೊಂಡು ಕೂತಿರ್ತಾರೆ…”

ಆಮೇಲೆ ಮಾತು ಕಡಿಮೆ, ಅಳು ಹೆಚ್ಚು. ಗಂಡ ಕೊನೆಯವರೆಗೂ ಕೇಳಿದ. ಬೊಟ್ಟು ಒರೆಸುವ ಬಟ್ಟೆ ಕೆಳಗಿತ್ತು, ಕಣ್ಣು ಮುಚ್ಚಿರಲಿಲ್ಲ. ರೀಲು ಮುಗಿದು ಗುಂಡಿ ಹಾರಿತು.

ಯಾಕೆ ಹೀಗೆ ಮಾಡಿದೆ ಎಂದು ಅವನು ಕೇಳಲಿಲ್ಲ. ಕೇಳಲು ಏನೂ ಉಳಿದಿರಲಿಲ್ಲ, ಕಾರಣವನ್ನೆಲ್ಲಾ ಟೇಪೇ ಹೇಳಿತ್ತು.

“ಅಲ್ಲಿ ಏನಿತ್ತು ಗೊತ್ತಾ?” ಎಂದ.

“ಏನೂ ಇರ್ಲಿಲ್ಲ ರೀ,” ಗೋಂದಕ್ಕ ತಡವರಿಸಿದಳು, “ಬರೀ ಗೊರಗೊರ. ಮಾತಿರೋದನ್ನ ನಾನು ಮುಟ್ಟಿಲ್ಲ. ಆಣೆಗೂ ಮುಟ್ಟಿಲ್ಲ.”

“ಬಟಾಣಿ ಸುಲೀತಿದ್ಲು. ಕಾಳು ಪಾತ್ರೆಗೆ ಬೀಳೋ ಸದ್ದು. ಮೊದಮೊದಲು ಪಾತ್ರೆ ಖಾಲಿ, ಜೋರಾಗಿ ಕೇಳ್ಸುತ್ತೆ. ತುಂಬ್ತಾ ತುಂಬ್ತಾ ಸದ್ದು ಮೆತ್ತಗಾಗುತ್ತೆ. ನಾನು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ದೆ.” ಅವನು ಒಂದು ಬೊಟ್ಟನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. “ಮಾತೆಲ್ಲಾ ಟೇಪಿಗೋಸ್ಕರ ಆಡಿದ್ದು. ನಾವು ಮನೇಲಿ ಹೆಂಗಿದ್ವಿ ಅನ್ನೋದು ಅಲ್ಲಿ ಮಾತ್ರ ಇತ್ತು.”

ಗೋಂದಕ್ಕ ಎರಡು ವರ್ಷ ಕಿವಿಯಲ್ಲಿ ಎಣ್ಣೆ ಬಿಟ್ಟುಕೊಂಡು ಕೇಳಿದ್ದಳು, ಆದರೆ ಕೇಳಬೇಕಾದ್ದೇ ಕಿವಿಗೆ ಬಿದ್ದಿರಲಿಲ್ಲ. ನಗುವಿಗೆ ಉರಿದುಕೊಂಡಳು, ದನಿಗೆ ಉರಿದುಕೊಂಡಳು, ಅವನು ಬಟಾಣಿಯ ಸದ್ದಿಗಾಗಿ ಕಾಯುತ್ತಿದ್ದ. ನಷ್ಟವಿಲ್ಲದ ಜಾಗವೆಂದು ಆರಿಸಿ ಅದನ್ನೇ ಕಡಿದಿದ್ದಳು. ನಾಚಿಕೆಗೆ ತಲೆ ಎತ್ತಲಾಗಲಿಲ್ಲ. ಇಷ್ಟಾದರೂ ಸುಳ್ಳು ಯಾಕೆ, ಆ ನಾಚಿಕೆಯ ನಡುವೆಯೂ ಒಂದು ಕಿಡಿ ಇತ್ತು: ಬಟಾಣಿ ಸುಲಿದದ್ದಕ್ಕೂ ಇಷ್ಟು ಪ್ರೀತಿಯಾ?

ಗಂಡ ಕ್ಯಾಸೆಟ್ಟು ತೆಗೆದು, ಕೆಲಸದ ಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ಹುಡುಕಿ, ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ಏನೋ ಮಾಡಿದ. ಮತ್ತೆ ಕ್ಯಾಸೆಟ್ಟನ್ನು ಟೇಪಿನೊಳಗೇ ಇಟ್ಟು, ಚಪ್ಪಲಿ ಮೆಟ್ಟಿಕೊಂಡು, “ಸ್ವಲ್ಪ ತಿರುಗಾಡಿ ಬರ್ತೀನಿ” ಎಂದು ಹೊರಟ.

ಅವನ ಹೆಜ್ಜೆ ಮೆಟ್ಟಿಲು ಇಳಿದದ್ದೇ ತಡ, ಗೋಂದಕ್ಕ ಟೇಪಿನೆದುರು ಕೂತಳು. ಬಟಾಣಿಯನ್ನು ವಾಪಸು ತರಲಾಗುವುದಿಲ್ಲ. ಆದರೆ ತನ್ನ ಆ ಅರಚಾಟ ಇನ್ನೊಂದು ಭಾನುವಾರ ಈ ಮನೆಯಲ್ಲಿ ಕೇಳಿಸಕೂಡದು. ನಾದಿನಿ ಕೇಳಿದರೆ? ಊರಿಗೆಲ್ಲಾ ಡಂಗುರ. ರೀಲನ್ನು “ಹೂಂ”ವರೆಗೆ ತಂದು, ಈ ಸಲ ತುಟಿಪಿಟಿಕ್ಕೆನ್ನದೆ ಕೂರಬೇಕೆಂದು ಬಾಯಿಗೆ ಸೆರಗು ಒತ್ತಿಕೊಂಡು, ಎರಡು ಗುಂಡಿಗಳನ್ನೂ ಒತ್ತಿದಳು. ಕೆಂಪು ಗುಂಡಿ ಕೆಳಗೆ ಹೋಗಲಿಲ್ಲ. ಮತ್ತೆ ಒತ್ತಿದಳು. ಎದ್ದು ನಿಂತು ಹೆಬ್ಬೆರಳ ಮೇಲೆ ಮೈಭಾರವನ್ನೆಲ್ಲಾ ಬಿಟ್ಟಳು. ಅಲುಗಲಿಲ್ಲ. ಇದನ್ನೂ ಕೆಡಿಸಿದೆನಲ್ಲಾ ಎಂದು ಅಳು ಬಂತು.

ಗಂಡ ಬಂದಾಗ ಅವಳು ಹಾಗೇ ಕೂತಿದ್ದಳು. ಅವನು ಅವಳನ್ನು ನೋಡಿದ, ಟೇಪನ್ನು ನೋಡಿದ.

“ಕೆಟ್ಟಿಲ್ಲ” ಎಂದ. ಕ್ಯಾಸೆಟ್ಟು ಹೊರಗೆ ತೆಗೆದು, ಅದರ ಹಿಂಬದಿಯ ಮೂಲೆಯಲ್ಲಿ ಒಂದು ಸಣ್ಣ ಚೌಕದ ತೂತು ತೋರಿಸಿದ. “ಇಲ್ಲೊಂದು ಪ್ಲಾಸ್ಟಿಕ್ ಚೂರು ಇರುತ್ತೆ. ಮುರಿದುಬಿಟ್ರೆ ಆ ಮಗ್ಗುಲಲ್ಲಿ ಮತ್ತೆ ರೆಕಾರ್ಡ್ ಆಗಲ್ಲ. ಮುರಿದಿದೀನಿ.”

ಗೋಂದಕ್ಕನ ಮುಖ ಸಣ್ಣದಾಯಿತು. “ಅವಳದ್ದು ಉಳಿದಿರೋದನ್ನೂ ಅಳಿಸಿಬಿಡ್ತೀನಿ ಅಂತ ಅಲ್ವಾ?”

“ಅವಳದ್ದನ್ನ ಯಾರಾದ್ರೂ ಅಳಿಸ್ತಾರೆ ಅಂತ ಇಷ್ಟು ವರ್ಷ ನಂಗೆ ಹೊಳೀಲೇ ಇಲ್ಲ,” ಗಂಡ ಒಂದೊಂದೇ ಮಾತು ಹುಡುಕುತ್ತ ಹೇಳಿದ. “ಹೊಳೆದಿದ್ರೆ ಆಗಲೇ ಮುರೀತಿದ್ದೆ. ಇವತ್ತು ಮುರಿದಿದ್ದು ನಿನ್ನ ಮಾತು ಉಳೀಲಿ ಅಂತ. ನಾನು ಆ ಕಡೆ ಹೋದ ತಕ್ಷಣ ಅದನ್ನ ಅಳಿಸ್ತೀಯ ಅಂತ ಗೊತ್ತಿತ್ತು.”

ಗೋಂದಕ್ಕ ಆ ತೂತನ್ನೇ ನೋಡಿದಳು. “ಅದರಲ್ಲಿ ಬರೀ ಬೈಗುಳ ರೀ.”

“ಇರ್ಲಿ.”

“ಗಾಡಿ ಹಾರನ್ನಿನ ಹಾಗಿದೆ.”

“ಇರ್ಲಿ ಅಂದ್ನಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಮಾತು ಎದೆಗೆ ಇಳಿದು ಎಲ್ಲೋ ಬೆಚ್ಚಗಾಗುತ್ತಿತ್ತು. ಆದರೆ ಎರಡು ವರ್ಷದ ಅಭ್ಯಾಸ ಒಂದು ಸಂಜೆಗೆ ಹೋಗುವುದುಂಟೆ? “ಅವಳಿಗೆ ಹತ್ತೊಂಬತ್ತು ನಿಮಿಷ, ನಂಗೆ ಹನ್ನೊಂದು” ಎಂದಳು.

ಗಂಡ ಕ್ಯಾಸೆಟ್ಟನ್ನು ತಿರುಗಿಸಿ ಇನ್ನೊಂದು ಮೂಲೆ ತೋರಿಸಿದ. ಆ ಪ್ಲಾಸ್ಟಿಕ್ ಚೂರು ಹಾಗೇ ಇತ್ತು. “ಈ ಮಗ್ಗುಲು ಪೂರ್ತಿ ಖಾಲಿ. ಇದನ್ನ ಮುರಿದಿಲ್ಲ.” ಹೇಳಿದವನೇ ಅದನ್ನು ಟೇಪಿಗೆ ಹಾಕಿ, ಎರಡೂ ಗುಂಡಿ ಒತ್ತಿ, “ಮಾತಾಡು” ಎಂದ.

ಕೆಂಪು ಗುಂಡಿ ಸಲೀಸಾಗಿ ಕೆಳಗಿಳಿಯಿತು. ರೀಲು ತಿರುಗಿತು. ಖಾಲಿ ಕೋಣೆಯಲ್ಲಿ ರೀಲು ಮುಗಿಯುವವರೆಗೂ ಬೈದವಳಿಗೆ ಈಗ ಬಾಯಿಗೆ ಬೀಗ ಬಿದ್ದಿತ್ತು. ಅವನು ಕಾಯುತ್ತಿದ್ದ. ಕೊನೆಗೆ ಗಂಟಲಿನಿಂದ ಹೊರಬಿದ್ದದ್ದು, ಎರಡು ವರ್ಷದಿಂದ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಗಿದ್ದ ಒಂದೇ ಮಾತು.

“ಅವಳು ನನಗಿಂತ ಚೆನ್ನಾಗಿದ್ಲಾ?”

ಗಂಡ ಗಾಬರಿಯಾಗಿ ಗುಂಡಿಯ ಕಡೆ ಕೈ ಚಾಚಿದ. ಗೋಂದಕ್ಕ ಅವನ ಕೈ ಹಿಡಿದುಕೊಂಡಳು. “ಆಫ್ ಮಾಡ್ಬೇಡಿ. ಇದೂ ಇರ್ಲಿ.”

ಅವನು ಅವಳ ಮುಖ ನೋಡಿದ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. “ಚೆನ್ನಾಗಿದ್ಲು” ಎಂದ.

ಗೋಂದಕ್ಕನ ಹೊಟ್ಟೆಯೊಳಗೆ ಭಗ್ ಎಂದಿತು. ಆದರೂ ಹಿಡಿದ ಕೈ ಬಿಡಲಿಲ್ಲ. ಮೊದಲನೆಯವಳ ವಿಷಯ ತಾನು ಬಾಯಿಬಿಟ್ಟು ಕೇಳಿದ್ದೂ, ಅವನು ಅದಕ್ಕೆ ಉತ್ತರ ಕೊಟ್ಟದ್ದೂ ಅದೇ ಮೊದಲು. ರೀಲು ಇನ್ನೂ ಬಹಳ ಇತ್ತು.

“ಹೂಂ,” ಎಂದಳು, “ಮುಂದೆ ಹೇಳಿ.”